ಒಂಬತ್ತನೇ ಬಾಗಿಲಿನ ರಕ್ಕಸ

ಆ ವಿಡಿಯೋ ಗೇಮಿನ ಒಂಬತ್ತನೇ ಬಾಗಿಲಿಗೆ ಒಬ್ಬ ರಕ್ಕಸ ಕಾವಲಿದ್ದ. ಕತ್ತಿ ಹಿಡಿದು ಬಂದ ನಾಯಕಿಯನ್ನು ಅವನು ಮೂವತ್ತೊಂದು ಸಲ ಗದೆಯಿಂದ ಬಡಿದು ಕೊಂದಿದ್ದ. ಸತ್ತಾಗಲೆಲ್ಲ ಗೇಮಿನ ನಿಯಮದಂತೆ ಅವಳು ಮೊದಲನೇ ಬಾಗಿಲಲ್ಲಿ ಕಣ್ಣು ಬಿಡುತ್ತಿದ್ದಳು. ಮತ್ತೆ ಎಂಟು ಬಾಗಿಲು ದಾಟಿ, ಹಲ್ಲು ಕಚ್ಚಿಕೊಂಡು ಅವನೆದುರು ಬಂದು ನಿಲ್ಲುತ್ತಿದ್ದಳು.

ಮೂವತ್ತೆರಡನೇ ಸಲವೂ ಅವನು ಅದೇ ಮಾತಾಡಿದ. ಗೇಮ್ ಕಟ್ಟಿದವರು ಅವನ ಬಾಯಿಗೆ ಕೊಟ್ಟಿದ್ದೇ ಅದೊಂದು ಮಾತು.

"ಸಾಯಕ್ಕೆ ಬಂದ್ಯಾ? ವಾಪಸ್ ಹೋಗು."

"ಬೇರೆ ಮಾತೇ ಬರಲ್ವೇನೋ ನಿಂಗೆ? ಒಳಗೆ ಏನು ಬಚ್ಚಿಟ್ಟಿದೀಯ?"

"ಸಾಯಕ್ಕೆ ಬಂದ್ಯಾ? ವಾಪಸ್ ಹೋಗು."

"ಮೂವತ್ತೊಂದು ಸಲ ಸತ್ತಿದೀನಿ ಕಣೋ ನಿನ್ನ ಕೈಲಿ. ಇವತ್ತು ನಿನ್ನ ಸರದಿ."

ಗದೆ ಎತ್ತುವಾಗ ಅವನ ಎಡಪಕ್ಕೆಗೆ ರಕ್ಷಣೆ ಇರುವುದಿಲ್ಲವೆಂದು ಅಷ್ಟೂ ಸಾವುಗಳಲ್ಲಿ ಅವಳು ಕಲಿತಿದ್ದಳು. ಕತ್ತಿಯನ್ನು ಅಲ್ಲಿಗೇ ಹಿಡಿಯವರೆಗೂ ಇಳಿಸಿದಳು. ಕುಸಿದು ಬಿದ್ದ ರಕ್ಕಸ ತೆವಳಿಕೊಂಡು ಬಂದು ಅವಳ ಕಾಲು ಹಿಡಿದ.

"ಥೂ, ಬಿಡೋ," ಎಂದು ಆ ಕೈಯನ್ನು ಒದ್ದು, ಬಾಗಿಲು ತಳ್ಳಿ ಅವಳು ಒಳಗೆ ಕಾಲಿಟ್ಟಳು.

ಅಲ್ಲಿ ನೆಲವೇ ಇರಲಿಲ್ಲ. ಗೇಮ್ ಕಟ್ಟಿದವರು ಬಾಗಿಲವರೆಗೆ ಕಟ್ಟಿ ಅಲ್ಲಿಗೇ ಕೈಬಿಟ್ಟಿದ್ದರು. ಕೆಳಗೆ ಬಣ್ಣವಿಲ್ಲ, ತಳವಿಲ್ಲ. ಅಲ್ಲಿ ಬಿದ್ದವರು ಯಾವ ಬಾಗಿಲಲ್ಲೂ ಮತ್ತೆ ಕಣ್ಣು ಬಿಡುವಂತಿರಲಿಲ್ಲ.

ಬೀಳುತ್ತಿದ್ದವಳ ಮುಂಗೈಯನ್ನು ಮೇಲಿನಿಂದ ಒಂದು ಕೈ ಗಪ್ಪನೆ ಹಿಡಿಯಿತು. ಅವಳ ಮುಖದ ಮೇಲೆ ರಕ್ತ ತೊಟ್ಟಿಕ್ಕಿತು.

"ಸಾಯಕ್ಕೆ ಬಂದ್ಯಾ?" ಎಂದ ರಕ್ಕಸ, ಅವಳನ್ನು ಮೇಲಕ್ಕೆ ಎಳೆದುಕೊಳ್ಳುತ್ತ. "ವಾಪಸ್ ಹೋಗು."