ಹಣೆಯ ಚುಕ್ಕಿ

ರೇಸಿನಲ್ಲಿ ಹನ್ನೊಂದು ಕಪ್ ಗೆದ್ದಿದ್ದ ಮಾಣಿಕ್ಯ ಎಂಬ ಕುದುರೆಯ ಮುಂಗಾಲು ಕುಂಟತೊಡಗಿದ ದಿನದಿಂದ, ಅದನ್ನು ಮರಿಯಿಂದ ಸಾಕಿದ ಚಾಂದ್‌ಸಾಬರಿಗೆ ಊಟ ಸೇರುತ್ತಿರಲಿಲ್ಲ. ಓಡದ ಕುದುರೆಗೆ ಯಾವ ಧಣಿ ಹುರುಳಿ ಹಾಕಿಯಾನು?

ಧಣಿಯೇ ಲಾಯಕ್ಕೆ ಬಂದು ಹೇಳಿದರು: "ಅವನನ್ನ ಯಾರಿಗೂ ಮಾರಲ್ಲ ಸಾಬರೇ. ಇನ್ನು ನಮ್ಮ ಮನೇಲೇ ಇರ್ತಾನೆ."

ಮರುದಿನ ಬೆಳಿಗ್ಗೆ ಧಣಿಯ ಜೊತೆ ಬಂದ ಒಬ್ಬಾತ ಟೇಪು ಹಿಡಿದು ಕುದುರೆಯ ಕತ್ತು, ಹೊಟ್ಟೆ, ಕಾಲುಗಳನ್ನೆಲ್ಲ ಅಳೆದು ಬರೆದುಕೊಂಡ. ಪ್ರತಿಮೆಯನ್ನೂ ಮಾಡಿಸುತ್ತಿದ್ದಾರೆ ಎಂದು ಸಾಬರ ಎದೆ ಉಬ್ಬಿತು. ಹೊಸಬರನ್ನು ಕಂಡರೆ ಒದೆಯುವ ಕುದುರೆಯನ್ನು, ಕಿವಿಯಲ್ಲಿ ಪಿಸುಗುಟ್ಟಿ, ಅಲುಗದಂತೆ ನಿಲ್ಲಿಸಿಕೊಟ್ಟರು.

"ಗೆದ್ದು ಬಂದಾಗ ಹಿಂಗೇ ಕತ್ತೆತ್ತಿ ನಿಲ್ತಿದ್ದ, ಹಂಗೇ ಮಾಡಿ ಸ್ವಾಮಿ. ಹಣೆ ಮೇಲಿನ ಬಿಳಿ ಚುಕ್ಕಿ ಮಾತ್ರ ಮರೀಬೇಡಿ. ಅದ್ನ ನೋಡೇ ಜನ ಇವನ್ನ ಗುರುತು ಹಿಡೀತಿದ್ದಿದ್ದು."

ಆತ ಚುಕ್ಕಿಯನ್ನು ಬೆರಳಿನಿಂದ ಮುಟ್ಟಿ ನೋಡಿ, ಬಾಗಿಲಲ್ಲಿ ನಿಂತಿದ್ದ ಧಣಿಯ ಕಡೆ ತಿರುಗಿದ.

"ಸಾಬರು ಹೇಳಿದ್ದು ಸರಿ ಸಾರ್. ತೊಗಲು ಸುಲಿದು ಹುಲ್ಲು ತುಂಬಿದ ಮೇಲೂ ಈ ಚುಕ್ಕಿ ಕಾಣ್ಬೇಕು. ಗುಂಡು ಕಿವಿ ಹಿಂದೆ ಹೊಡೆಸಿ, ಹಣೆಗೆ ಬೇಡ."