ಆಚೆ ದಂಡೆಯ ಕೆಮ್ಮು

ಕಪ್ಪೆಯ ಕೂಗಿನ ಬೆನ್ನಿಗೇ ಹೆಡ್‌ಫೋನಿನಲ್ಲಿ ಕೇಳಿದ ಕೆಮ್ಮು ತನ್ನದೇ ಎಂದು ಗೊತ್ತಾದಾಗ ಅವಳು ಸಮೀಕ್ಷೆಯ ರೆಕಾರ್ಡಿಂಗನ್ನು ನಿಲ್ಲಿಸಿದಳು. ಎಂಟು ವರ್ಷದ ಹಿಂದೆ ಈ ಮರಗಪ್ಪೆಯ ಕೂಗನ್ನು ರೆಕಾರ್ಡ್ ಮಾಡುವಾಗ ಕೆಮ್ಮಿದ್ದಳು. ಈ ಸಲ ಅದನ್ನೇ ಸ್ಪೀಕರಿನಲ್ಲಿ ಹಾಕಿ, ನಿಲ್ಲಿಸಿ, ಓಗೊಟ್ಟ ಕಪ್ಪೆಗಳನ್ನು ಎಣಿಸುತ್ತಾ, ಆ ಕೂಗುಗಳನ್ನು ರೆಕಾರ್ಡ್ ಮಾಡುತ್ತಾ ನಡೆದಿದ್ದರು. ಹೊಳೆಯ ಈಚೆ ಅವಳು, ಆಚೆ ಗಂಡ. ಎಣಿಸುವಾಗ ನೀರಿನ ಸದ್ದಿನಲ್ಲಿ ಕೆಮ್ಮು ಕೇಳಿರಲಿಲ್ಲ.

“ರೀ, ನಾನು ಎಣಿಸುವಾಗ ನೀವು ಸ್ಪೀಕರ್ ಹಾಕಬಾರದಿತ್ತಲ್ವಾ?”

“ಕತ್ತಲಾಗ್ತಿತ್ತು ಕಣೇ. ಬೇಗ ಮುಗೀಲಿ ಅಂತ ಆಚೆ ದಂಡೇಲಿ ನಾನೂ ಅದನ್ನೇ ಹಾಕ್ತಾ ಬಂದೆ,” ಎಂದ ಗಂಡ.

ಗುಹೆಯ ಬಾವಲಿ, ಹೊಳೆಯ ಕಪ್ಪೆ, ಎರಡೂ ಅಳಿವಿನಂಚಿನವು. ಒಂದರ ನೆಲೆಯನ್ನು ಮಾತ್ರ ಮುಟ್ಟದೆ ಉಳಿಸುತ್ತೇವೆ, ಯಾವುದು ಹೇಳಿ ಎಂದಿದ್ದರು ಕಲ್ಲುಗಣಿಯವರು. ಅವಳು ಹೋಲಿಸಿ ನೋಡಿದ್ದಳು. ಗುಹೆಯಲ್ಲಿ ಕಂಡ ಬಾವಲಿ ಹದಿನಾಲ್ಕೇ, ವರ್ಷಕ್ಕೆ ಹೆರುವುದು ಒಂದೇ ಮರಿ. ಕಪ್ಪೆ ನಲವತ್ತೊಂದು, ಇಡುವುದು ನೂರಾರು ಮೊಟ್ಟೆ. ಉಳಿದು ಬೆಳೆಯುವ ಭರವಸೆ ಇದಕ್ಕೇ ಹೆಚ್ಚೆಂದು ‘ಕಪ್ಪೆ’ ಎಂದು ಬರೆದು ಸಹಿ ಹಾಕಿದ್ದಳು. ಕಣ್ಣಾರೆ ಕಂಡದ್ದನ್ನು ಬಿಟ್ಟು ಕಿವಿಗೆ ಬಿದ್ದದ್ದನ್ನು ನಂಬಿದ್ದಳು.

ಒಂದೊಂದೇ ಕೂಗನ್ನು ಮತ್ತೆ ಹಾಕಿದಳು. ನಲವತ್ತೊಂದೂ ಕೂಗುಗಳ ಹಿಂದೆ ಅದೇ ಕೆಮ್ಮು.

ಗಣಿಯ ಮೇಸ್ತ್ರಿಗೆ ಫೋನ್ ಮಾಡಿದಳು.

“ಏನು ಮೇಡಂ? ಜೋರಾಗಿ ಹೇಳಿ,” ಎಂದು ಆತ ಕಿರುಚಿದ. “ಈಗಷ್ಟೇ ಗುಹೆ ಸಿಡಿಸಿದ್ವಿ, ಕಿವಿ ಗುಂಯ್ ಅಂತಿದೆ.”