ನೆಟ್ಟಗೆ ಇಳಿದ ಗೆರೆ

ಪರದೆಯ ಮೇಲಿದ್ದ ಯಾಸ್ಮಿನಳ ಗೆರೆಯನ್ನು ಮಹಾಲಿಂಗಪ್ಪ ಸರ್ ಬಹಳ ಹೊತ್ತು ನೋಡಿದರು. ನರಗುಂದದ ಬಸ್‌ಸ್ಟ್ಯಾಂಡಿನ ಎದುರಿಗಿದ್ದ ಅವರ ಕಂಪ್ಯೂಟರ್ ಕ್ಲಾಸಿನಲ್ಲಿ ಆ ವಾರ ಎಕ್ಸೆಲ್ ನಡೆದಿತ್ತು. ಮನೆಯಿಂದ ಏನಾದರೂ ಅಂಕಿಗಳನ್ನು ತಂದು ಗ್ರಾಫ್ ಮಾಡಿರಿ ಅಂದಿದ್ದರು. ಒಬ್ಬರು ಎಮ್ಮೆಯ ಹಾಲಿನ ಲೆಕ್ಕ ತಂದಿದ್ದರು, ಇನ್ನೊಬ್ಬರು ಮಳೆಯದು. ಯಾಸ್ಮಿನ ತಂದದ್ದು ತಾನು ಓಡಿದ ವೇಳೆಯನ್ನು. ಐವತ್ತೆರಡು ಮುಂಜಾನೆಗಳು, ಸಾಲಿಗೊಂದರಂತೆ. ಮೊದಲ ಮೂರು ವಾರ ಗೆರೆ ಏರುತ್ತ ಇಳಿಯುತ್ತ ಬಂದಿತ್ತು. ಆಮೇಲೆ ಯಾರೋ ದಾರ ಹಿಡಿದು ಎಳೆದಂತೆ ನೆಟ್ಟಗೆ ಕೆಳಗಿಳಿದಿತ್ತು, ದಿನಕ್ಕೊಂದು ಸೆಕೆಂಡಿನಂತೆ.

"ಮನಿಷ್ಯಾರು ಓಡಿದ್ದು ಹಿಂಗ ಇರೂದಿಲ್ಲವ್ವಾ," ಅಂದರು ಸರ್, ದನಿ ತಗ್ಗಿಸಿ. "ಒಂದಿನ ಕಾಲ ನೋಯತಾವು, ಒಂದಿನ ನಿದ್ದಿ ಆಗಿರೂದಿಲ್ಲ. ಇದು ಕುಂತು ಬರದಂಗ ಐತಿ."

ಯಾಸ್ಮಿನಳಿಗೆ ಮುಖ ಬಿಸಿಯಾಯಿತು. ಒಂದು ಅಂಕಿಯನ್ನೂ ಅವಳು ಕಟ್ಟಿ ಬರೆದಿರಲಿಲ್ಲ. ಪ್ರತಿಯೊಂದನ್ನೂ ಅಬ್ಬಾ ಹೇಳಿದ್ದರು, ಅವಳು ನೋಟ್‌ಬುಕ್ಕಿಗೆ ಇಳಿಸಿದ್ದಳು, ಅಷ್ಟೇ.

ಅಬ್ಬಾ, ಅಂದರೆ ಗೌಸುಸಾಬ ನದಾಫ, ಊರ ಹೊರಗಿನ ಒಂದು ಹತ್ತಿ ಜಿನ್ನಿಂಗ್ ಮಿಲ್ಲಿನ ವಾಚಮನ್. ಹತ್ತಿಯ ಸುಗ್ಗಿ ಮುಗಿದ ಮೇಲೆ ಮಿಲ್ಲಿನ ಅಂಗಳ ನಾಲ್ಕೈದು ತಿಂಗಳು ಖಾಲಿ ಬಿದ್ದಿರುತ್ತದೆ. ಸುತ್ತ ಎತ್ತರದ ಗೋಡೆ, ಹಾದಿಹೋಕರ ಕಣ್ಣು ಬೀಳುವುದಿಲ್ಲ. ಓಡ್ನಿಯನ್ನು ಸೊಂಟಕ್ಕೆ ಬಿಗಿದು ಯಾಸ್ಮಿನ ಬರಿಗಾಲಲ್ಲಿ ನಾಲ್ಕು ಸುತ್ತು ಓಡುವಳು. ಗದಗಿನಲ್ಲಿ ಮಹಿಳಾ ಪೊಲೀಸರ ಭರ್ತಿಯ ಓಟ ಬರುವುದಿತ್ತು. ಅಷ್ಟು ದೂರವನ್ನು ಅಲ್ಲಿ ಎರಡು ನಿಮಿಷದೊಳಗೆ ಮುಟ್ಟಬೇಕು. ಬೆಳಕು ಇನ್ನೂ ಹಾಲಿನ ಬಣ್ಣದಲ್ಲಿರುವಾಗ ಅವಳ ಕಾಲ ಗಾಳಿಗೆ ಮೂಲೆಯಲ್ಲಿದ್ದ ಹಳೆಯ ಅರಳೆಯ ಎಳೆಗಳು ಎದ್ದು, ಎಲ್ಲಿಗೂ ಹೋಗುವ ಅವಸರವಿಲ್ಲದೆ ಮೊಣಕಾಲ ಮಟ್ಟದಲ್ಲಿ ತೇಲುತ್ತಿದ್ದವು. ಮೂರನೇ ಸುತ್ತಿಗೆ ಕಾಲುಗಳು ತನ್ನವೇ ಎಂಬ ಖಬರು ಇರುತ್ತಿರಲಿಲ್ಲ. ನಿದ್ದೆಯಲ್ಲಿ ಓಡಿದ ಹಾಗೆ, ಗೋಡೆಯೇ ಹಿಂದೆ ಹಿಂದೆ ಸರಿದುಕೊಂಡು ದಾರಿ ಬಿಟ್ಟ ಹಾಗೆ ಅನಿಸುವುದು. ಗೇಟಿನ ಹತ್ತಿರ ಕಲ್ಲಿನ ಮೇಲೆ ಸ್ಟಾಪ್‌ವಾಚ್ ಹಿಡಿದು ಕೂತ ಅಬ್ಬಾನ ದನಿ ಕೇಳಿದಾಗಲೇ ಎಚ್ಚರ.

ಮರುದಿನ ಮುಂಜಾನೆಯೂ ಓಡಿ ಬಂದು ನಿಂತಳು. ಅಬ್ಬಾ ವಾಚನ್ನು ಮುಖದ ಸಮೀಪ ತಂದು, ಒಂದು ನಿಮಿಷ ಐವತ್ತು, ನಿನ್ನೆಗಿಂತ ಒಂದು ಕಡಿಮೆ ಅಂದರು. ಯಾಸ್ಮಿನ ಅವರ ಕೈಯಿಂದ ವಾಚನ್ನು ಮೆಲ್ಲಗೆ ತೆಗೆದುಕೊಂಡಳು. ಎರಡು ನಿಮಿಷ ಒಂಬತ್ತು ಸೆಕೆಂಡು.

ವಾಚು ಕೈ ಬಿಟ್ಟು ಹೋದ ರೀತಿಯಲ್ಲೇ ಗೌಸುಸಾಬನಿಗೆ ಎಲ್ಲಾ ತಿಳಿಯಿತು. ತಲೆ ತಗ್ಗಿಸಿ, ಬೇಸಿಗೆಯಿಂದಲೂ ಕಣ್ಣಿಗೆ ಮಂಜು ಕವಿದಿದೆ ಎಂದು ಹೇಳಿದರು. ಮೊದಮೊದಲು ವಾಚನ್ನು ಬೆಳಕಿಗೆ ಹಿಡಿದರೆ ಅಂಕಿ ಕಾಣುತ್ತಿದ್ದವಂತೆ, ಆಮೇಲೆ ಅದೂ ಇಲ್ಲ. ಅಂಗಳದ ಇಂಚಿಂಚೂ ಗೊತ್ತಿದ್ದರಿಂದ ಕೆಲಸ ಸಾಗಿತ್ತು. ಕಣ್ಣಿಲ್ಲದ ವಾಚಮನ್ನನನ್ನು ಯಾರು ಇಟ್ಟುಕೊಳ್ಳುತ್ತಾರೆಂದು ಮನೆಯಲ್ಲಿ ಹೆಂಡತಿ ಮೈಮುನಬಿಗೂ ಬಾಯಿ ಬಿಟ್ಟಿರಲಿಲ್ಲ.

"ಮತ್ತ ನನಗ ಹೇಳಿದ್ದೆಲ್ಲಾ?" ಎಂದು ಕೇಳಿದಳು ಯಾಸ್ಮಿನ.

"ನಿನ್ನ ಹೆಜ್ಜಿ ಸಪ್ಪಳ ದಿನಾ ಹಗರ ಆಗಾಕತ್ತಿತ್ತು," ಅಂದರು ಗೌಸುಸಾಬ. "ಅದನ್ನ ಕೇಳಿ ಒಂದೊಂದ ಸೆಕೆಂಡ ಕಡಿಮಿ ಮಾಡಕೋತ ಹೋದ್ನಿ."

ಆ ದಿನ ಅವಳು ಕ್ಲಾಸಿಗೆ ಹೋಗಲಿಲ್ಲ, ನೆಟ್ಟಗೆ ಮಿಲ್ಲಿನ ಮ್ಯಾನೇಜರರ ಎದುರು ಹೋಗಿ ನಿಂತಳು. ಇದ್ದದ್ದನ್ನು ಇದ್ದ ಹಾಗೆ ಹೇಳಿದಳು. ಮ್ಯಾನೇಜರರು ಕಿಟಕಿಯಿಂದ ಖಾಲಿ ಅಂಗಳವನ್ನು ನೋಡಿದರು. ಹೊಸ ಹತ್ತಿ ಬರುವುದರೊಳಗೆ ಕಣ್ಣು ಚಲೋ ಆಗಲಿ, ಅಲ್ಲಿಯವರೆಗೆ ಗೇಟಿಗೆ ನೀವು ತಾಯಿ ಮಗಳು ಕೂಡ್ರಿರಿ ಅಂದರು. ಹುಬ್ಬಳ್ಳಿಯ ಕಣ್ಣಿನ ದವಾಖಾನೆಯಲ್ಲಿ ಗೌಸುಸಾಬನ ಬಲಗಣ್ಣಿನ ಪೊರೆ ತೆಗೆದರು. ಇತ್ತ ಯಾಸ್ಮಿನ ಮುಂಜಾನೆ ವಾಚನ್ನು ಮುಷ್ಟಿಯಲ್ಲಿ ಹಿಡಿದು ತಾನೇ ಒತ್ತಿಕೊಂಡು ಓಡಿದಳು. ಎರಡು ನಿಮಿಷ ಹನ್ನೊಂದು, ಎಂಟು, ಹನ್ನೆರಡು, ಆರು. ಆ ಹಳೆಯ ಮೂವತ್ತೊಂದು ಸಾಲುಗಳನ್ನು ಹಾಳೆಯಿಂದ ಅಳಿಸಲು ಮಾತ್ರ ಅವಳಿಗೆ ಕೈ ಬರಲಿಲ್ಲ. ಅವನ್ನು ಹಸಿರು ಬಣ್ಣಕ್ಕೆ ತಿರುಗಿಸಿ, ಕೆಳಗೆ ಹೊಸ ಅಂಕಿಗಳನ್ನು ಹಚ್ಚಿದಳು. ಗೆರೆ ಸಟ್ಟನೆ ಮೇಲೆ ಜಿಗಿದು, ಜಾಲಿಯ ಟೊಂಗೆಯ ಹಾಗೆ ಸೊಟ್ಟಪಟ್ಟ ನಡೆಯತೊಡಗಿತು. ಮಹಾಲಿಂಗಪ್ಪ ಸರ್ ಅದನ್ನು ನೋಡಿ ತಲೆದೂಗಿದರು.

ಗದಗಿನ ಓಟಕ್ಕೆ ಹನ್ನೆರಡು ದಿನ ಉಳಿದಾಗ ಅಬ್ಬಾ ಕಪ್ಪು ಚಸ್ಮಾ ತೆಗೆದು, ಮತ್ತೆ ಬಂದು ಗೇಟಿನ ಹತ್ತಿರ ಕೂತರು. ವಾಚನ್ನು ಅಂಗೈಯಲ್ಲಿಟ್ಟು ಅಂಕಿಗಳನ್ನು ಒಂದೊಂದಾಗಿ ಓದಿ ತೋರಿಸಿದರು. ಯಾಸ್ಮಿನ ಓಡಿದಳು. ಮೈ ಎಂದೂ ಅಷ್ಟು ಹಗುರಾಗಿರಲಿಲ್ಲ. ಕೊನೆಯ ತಿರುವಿನಲ್ಲಿ ಉಸಿರಿನ ಸಪ್ಪಳವೂ ಹಿಂದೆ ಉಳಿದಂತಾಯಿತು. ಇವತ್ತು ಎರಡು ನಿಮಿಷದೊಳಗೆ ಬಂದೇ ಬಂದೆ ಎಂಬ ಖಾತ್ರಿಯಲ್ಲಿ ಬಂದು ನಿಂತು, ಮೊಣಕಾಲ ಮೇಲೆ ಕೈಯೂರಿ, ಎಷ್ಟಾಯಿತೆಂದು ಕೇಳಿದಳು.

ಗೌಸುಸಾಬನ ಕೈಯಲ್ಲಿ ವಾಚು ಬರೀ ಸೊನ್ನೆಗಳನ್ನು ತೋರಿಸುತ್ತಿತ್ತು.

"ಒತ್ತೂದ ಮರತ್ನಿ ಯವ್ವಾ," ಅಂದರು. "ನೀ ಓಡೂದನ್ನ ನೋಡಕೋತ ಕುಂತಬಿಟ್ನಿ."